ಆರನೆಯ ಕುರ್ಚಿ

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದ ಕೂಡಲೇ ಚುಸ್ಸೆಂದು ಹಬೆ ಎದ್ದಿತು. ಬಟ್ಟೆ ಸರಿಸಿದರೆ, ಕುರ್ಚಿಯ ಕೈಮೇಲಿದ್ದ ಕೊನೆಯ ಗುಳಿಯೂ ಉಬ್ಬಿ ಮರಕ್ಕೆ ಸಮವಾಗಿತ್ತು. ಊಟದ ಮೇಜಿನ ಉಳಿದ ಐದು ಕುರ್ಚಿಗಳಿಗೆ ಹಳೆಯ ಪಾಲಿಶ್ ಉಜ್ಜಿ ತೆಗೆದದ್ದೇ ಸಾಕಾಗಿತ್ತು. ಅತ್ತೆಯ ಈ ಕುರ್ಚಿ ಮಾತ್ರ ಇಡೀ ದಿನ ತಿಂದಿತ್ತು.

ಅತ್ತೆ ಎಂದೂ ಬಾಯಿಬಿಟ್ಟು ಕರೆದವಳಲ್ಲ. ಉಂಗುರದ ಬೆರಳಿನಿಂದ ಕುರ್ಚಿಯ ಕೈಗೆ ಟಕ್ ಟಕ್ ಎಂದು ಬಡಿದರೆ, ಸೊಸೆಯಾದ ಇವಳು ಬಿದ್ದೆನೋ ಎದ್ದೆನೋ ಎಂದು ನೀರು ಹಿಡಿದು ಓಡಬೇಕು. ಮೂವತ್ತು ವರ್ಷ ಓಡಿದ್ದಳು; ಆ ಉಂಗುರದ ಬಡಿತಕ್ಕೇ ಮರದಲ್ಲಿ ಗುಳಿಗಳು ಬಿದ್ದಿದ್ದವು. ಹೋದ ವರ್ಷ ಉಂಗುರವೂ ಅತ್ತೆಯ ಜೊತೆಗೇ ಮಣ್ಣಿಗೆ ಹೋಯಿತು. ಈಗ ಇವಳಿಗೇ ಹೊಸ ಸೊಸೆ ಬಂದು ವಾರವಾಗಿದೆ. ಆ ಹುಡುಗಿಗೆ ಈ ಗುಳಿಗಳ ಗುರುತೂ ಸಿಗಬಾರದೆಂಬುದೇ ಇವಳ ಹಟ.

“ಇನ್ನು ಬಡೀರಿ ಅತ್ತೆ, ನೋಡೋಣ,” ಎಂದು ನಗುತ್ತ ಅದೇ ಕುರ್ಚಿಯಲ್ಲಿ ಕುಳಿತು, ನುಣುಪಾದ ಮರವನ್ನು ಬರಿಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿದಳು.

ಅಡುಗೆಮನೆಯಿಂದ ಸೊಸೆ ನೀರಿನ ಲೋಟ ಹಿಡಿದು, ಏದುಸಿರು ಬಿಡುತ್ತ ಓಡಿಬಂದಳು.

“ತಗೊಳ್ಳಿ ಅತ್ತೆ, ನೀರು.”

“ನಾನೆಲ್ಲಿ ಕರೆದೆನೇ?”

“ಉಂಗುರ ಬಡಿದ್ರಲ್ಲ!”

ಇವಳು ತನ್ನ ಬರಿಬೆರಳನ್ನು ನಿಧಾನವಾಗಿ ಎತ್ತಿದಳು. ಅದರ ಕೆಳಗೆ ಎರಡು ಗುಳಿಗಳಿದ್ದವು.