ನಲವತ್ತೊಂದು ನಿಮಿಷ

“ಹನ್ನೆರಡು ನಿಮಿಷದ ಕೆಲಸಕ್ಕೆ ನಲವತ್ತೊಂದು ನಿಮಿಷ ತಗೊಂಡಿದೀರಿ, ಮೇಡಂ,” ಎಂದರು ಕೇಂದ್ರ ಕಚೇರಿಯ ಅಧಿಕಾರಿ. ಯಾವ ಕೋರ್ಟಿಗೆ ಎಷ್ಟು ಮಂದಿ ನ್ಯಾಯಾಧೀಶರು ಬೇಕೆಂದು ಗೊತ್ತುಮಾಡಲು ಅವರು ಎರಡು ವಾರದಿಂದ ಒಂದೊಂದು ಕೇಸಿಗೆ ಹಿಡಿಯುವ ಹೊತ್ತನ್ನು ಅಳೆಯುತ್ತಿದ್ದರು. ಸಿಬ್ಬಂದಿ ಅವರಿಗೆ ಗಡಿಯಾರದ ಸಾಹೇಬರು ಎಂದೇ ಹೆಸರಿಟ್ಟಿದ್ದರು.

ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು. ಸಂಸಾರದ ವ್ಯಾಜ್ಯಗಳನ್ನು ನೋಡಲು ಆ ಕಟ್ಟಡದಲ್ಲಿ ಇದ್ದವರು ಅವರೊಬ್ಬರೇ. ಹೊರಗೆ ಬೆಂಚುಗಳು ತುಂಬಿ, ಜನ ಮೆಟ್ಟಿಲ ಮೇಲೂ ಕೂತಿದ್ದರು.

“ಯಾವ ಕೇಸು?”

“ಬೆಳಿಗ್ಗೆ ಆ ಹುಡುಗೀನ ಅಪ್ಪನ ಹತ್ರ ಇರ್ತೀಯೋ ಅಮ್ಮನ ಹತ್ರ ಇರ್ತೀಯೋ ಅಂತ ಕೇಳಿದ್ರಲ್ಲ, ಅದು. ಮಗುವಿನ ಹೇಳಿಕೆಗೆ ಹನ್ನೆರಡೇ ನಿಮಿಷ. ಮಿಕ್ಕಿದ್ದು ಫಾರ್ಮಿನಲ್ಲಿ ‘ಇತರೆ’ ಅನ್ನೋ ಕಾಲಮ್ಮಿಗೆ ಹೋಗತ್ತೆ, ಲೆಕ್ಕಕ್ಕೆ ಬರಲ್ಲ.”

“ಬರದಿದ್ರೆ?”

“ಇಲ್ಲಿಗೆ ಒಬ್ಬರೇ ಸಾಕು ಅಂತ ಆಗತ್ತೆ. ಹಾಗಂತ ನಲವತ್ತೊಂದು ಬರೆದ್ರೆ ನಿಮ್ಮನ್ನೇ ನಿಧಾನ ಅಂತಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

“ಅತ್ತ ದರಿ, ಇತ್ತ ಪುಲಿ,” ಎಂದು ಹಳೆಯ ಬೆಂಚ್ ಕ್ಲರ್ಕ್ ಫೈಲುಗಳ ನಡುವೆ ಗೊಣಗಿದರು.

ನ್ಯಾಯಾಧೀಶೆಯ ಸ್ವರ ಗಡುಸಾಯಿತು. “ಹನ್ನೆರಡನೇ ನಿಮಿಷಕ್ಕೆ ಆ ಮಗು ‘ಅಪ್ಪನ ಹತ್ರ’ ಅಂತು. ಬರ್ಕೊಂಡು ಕಳಿಸಿಬಿಡಬಹುದಿತ್ತು. ನಾನು ಸುಮ್ನೆ ಕೂತೆ. ಅವಳ ಚಪ್ಪಲಿ ಬಾರು ಕಿತ್ತಿತ್ತು, ನಮ್ಮ ಕ್ಲರ್ಕ್ ಪಿನ್ನು ಹಾಕಿಕೊಟ್ರು. ಅವಳು ಪಿನ್ನನ್ನೇ ನೋಡ್ತಾ ಕೂತ್ಲು. ಆಮೇಲೆ ಮೆಲ್ಲಗೆ, ‘ಅಮ್ಮ ಬೇಕು ಅಂದ್ರೆ ಅಪ್ಪ ಮತ್ತೆ ಕೋಣೇಲಿ ಕೂಡಿಹಾಕ್ತಾರೆ’ ಅಂದ್ಲು. ಇದು ನಿಮಗೆ ಇತರೆನಾ?”

ಅಧಿಕಾರಿ ಪೆನ್ನಿನ ಮುಚ್ಚಳ ತಿರುವಿದರು. “ಫಾರ್ಮು ನಾನು ಮಾಡಿದ್ದಲ್ಲ, ಮೇಡಂ.”

“ಮಾಡಿದವರು ಇಲ್ಲಿಗೆ ಯಾವತ್ತೂ ಬರಲ್ಲ ಬಿಡಿ.” ಅವರು ಹಾಳೆಯನ್ನು ಎಳೆದುಕೊಂಡು ನಲವತ್ತೊಂದು ಎಂದು ಬರೆದರು. ರುಜು ಹಾಕಿದ ರಭಸಕ್ಕೆ ಕಾಗದವೇ ಹರಿಯಿತು.

ಮೂರು ತಿಂಗಳಾದ ಮೇಲೆ ವರದಿ ಬಂತು. ಇನ್ನೊಬ್ಬ ನ್ಯಾಯಾಧೀಶರನ್ನು ಕೊಟ್ಟಿರಲಿಲ್ಲ. ಜೊತೆಗೆ ಒಂದು ನೋಟಿಸು ಲಗತ್ತಾಗಿತ್ತು: ನಿಗದಿಗಿಂತ ಇಪ್ಪತ್ತೊಂಬತ್ತು ನಿಮಿಷ ಹೆಚ್ಚು ಬಳಸಿದ್ದಕ್ಕೆ ಏಳು ದಿನದೊಳಗೆ ಕಾರಣ ತಿಳಿಸುವುದು.

ಕ್ಲರ್ಕ್ ಕಂಪ್ಯೂಟರಿನ ಮುಂದೆ ಕೂತರು. ಸಿಟ್ಟಿನಲ್ಲೇ ನೋಟಿಸಿನ ಉತ್ತರಕ್ಕೆ ಹೊಸ ಪುಟ ತೆರೆದರು. “ಹೇಳಿ ಮೇಡಂ, ಎಷ್ಟು ಪುಟ ಆದರೂ ಸರಿ, ಒಂದೂ ಬಿಡೋದು ಬೇಡ.”

“ಬರ್ಕೊಳಿ. ಮಗು ಹೆದರಿತ್ತು.”

ಕ್ಲರ್ಕ್ ಟೈಪ್ ಮಾಡಿ ತಲೆಯೆತ್ತಿದರು. “ಇಷ್ಟೇನಾ?”

“ಇಷ್ಟೇ. ಇದನ್ನ ಓದಿ ಅರ್ಥ ಮಾಡ್ಕೊಳೋಕೆ ಎಷ್ಟು ನಿಮಿಷ ಬೇಕು ಅಂತ ಅವರೇ ಅಳ್ಕೊಳ್ಳಲಿ.”