ಬಾಡಿಗೆ ಕಾರಿನ ದಂಡ

ಅಂಚೆಯಲ್ಲಿ ಬಂದ ದಂಡದ ಚೀಟಿಗೆ ತಮ್ಮ ಕೈಚಾಚಿದ. ಅಕ್ಕ ಕೊಡಲಿಲ್ಲ, ಹೊಲಿಗೆ ಯಂತ್ರದ ಮೇಲೆ ಅದನ್ನು ಹರಡಿ, ಬಟ್ಟೆಯ ಸುಕ್ಕು ತೆಗೆಯುವಂತೆ ಅಂಗೈಯಿಂದ ಸವರಿದಳು. ಅಪ್ಪನ ಚಿಕಿತ್ಸೆಗೆಂದು ಹೋದ ಪರದೇಶದಲ್ಲಿ ಬಾಡಿಗೆಗೆ ಹಿಡಿದ ಕಾರು ಅವಳ ಹೆಸರಿನಲ್ಲಿತ್ತು, ಓಡಿಸಿದವನು ತಮ್ಮ.

"ಕೊಡಕ್ಕ, ನಾನೇ ಕಟ್ತೀನಿ. ಜೋರಾಗಿ ಓಡಿಸಿದ್ದಕ್ಕೇ ಹಾಕಿರ್ತಾರೆ. ಅವತ್ತು ಟ್ರಾಫಿಕ್ ಬಿಟ್ಟಿದ್ದೇ ತಡ, ಆಸ್ಪತ್ರೆಗೆ ಹಾರಿಸ್ಕೊಂಡು ಬಂದೆನಲ್ಲ."

"ನೀನು ಬಿಡಪ್ಪ, ಸೈಕಲ್ ಹೊಡೆದ್ರೂ ದಂಡ ಕಟ್ಟೋನು." ಅಪ್ಪ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅಪ್ಪನಿಗಾಗಿ ಧಾವಿಸಿ ಬಂದದ್ದಕ್ಕೆ ಬಿದ್ದ ದಂಡ. ತಾನೇ ಕಟ್ಟಿದರೆ ಅದೂ ಒಂದು ಸೇವೆಯೇ ಎಂದುಕೊಂಡು ಕನ್ನಡಕ ಏರಿಸಿ ಓದತೊಡಗಿದಳು. ವೇಗದ ಮಾತೇ ಅದರಲ್ಲಿರಲಿಲ್ಲ. ಆಸ್ಪತ್ರೆಯ ಎದುರು, ನಿಲ್ಲಿಸಬಾರದ ಜಾಗದಲ್ಲಿ ಮಧ್ಯಾಹ್ನವೆಲ್ಲ ಕಾರು ನಿಲ್ಲಿಸಿದ್ದಕ್ಕೆ ದಂಡ ಹಾಕಿದ್ದರು. ಚೀಟಿಯಲ್ಲಿ ಅಚ್ಚಾಗಿದ್ದ ಕಾರಿನ ಚಿತ್ರದಲ್ಲಿ ಸ್ಟಿಯರಿಂಗಿಗೆ ಹಣೆ ಹಚ್ಚಿ ಕುಳಿತಿದ್ದವನು ತಮ್ಮನೇ. ಅಪ್ಪ ಬಾಗಿಲು ನೋಡುತ್ತ ನೋಡುತ್ತಲೇ ಕಣ್ಣು ಮುಚ್ಚಿದ್ದು ಅದೇ ಮಧ್ಯಾಹ್ನ.

"ಕೆಳಗೇ ಇದ್ದೆಯಾ?"

"ಮೇಲೆ ಬರೋಕೆ ಕಾಲೇ ಏಳ್ಲಿಲ್ಲಕ್ಕ. ಅವರನ್ನ ಆ ಸ್ಥಿತೀಲಿ ನೋಡೋ ಧೈರ್ಯ ಬರ್ಲಿಲ್ಲ."

ಅಕ್ಕ ಕನ್ನಡಕ ತೆಗೆದಳು. "ಹೆದರಿದ್ದನ್ನ ದೇವರು ಕ್ಷಮಿಸ್ಲಿ. ಆದ್ರೆ 'ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೀನಿ, ಬಂದೇಬಿಟ್ಟೆ ಅಂತ ಅಪ್ಪಂಗೆ ಹೇಳು' ಅಂತ ಫೋನ್ ಮಾಡ್ತಾನೇ ಇದ್ದೆಯಲ್ಲ. ನಾನು ಅವರ ಕಿವಿ ಹತ್ರ ಅದನ್ನೇ ಹೇಳ್ತಾ ಕೂತಿದ್ದೆ. ಅಪ್ಪ ಕೊನೆಗೆ ಕೇಳಿಸ್ಕೊಂಡ ಮಾತು ಸುಳ್ಳು ಕಣೋ. ಅದೂ ನನ್ನ ಬಾಯಿಂದ."