ಅಪ್ಪನ ಹವಾಮಾನ ಪುಸ್ತಕ

"ಇವತ್ತೂ ಹದಿನಾಲ್ಕೇ," ಎನ್ನುತ್ತ ಅಪ್ಪ ಕಿಟಕಿಯಾಚೆಯ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆದುಕೊಂಡ. ಮರಗಳ ಎಲೆಯೆಲ್ಲ ಉದುರಿದ್ದರೂ ಅಂಕಿ ಮಾತ್ರ ಇಳಿದಿರಲಿಲ್ಲ. ಮಗಳ ಮುಖ ಸಪ್ಪಗಾಯಿತು. ಈ ಸಲವೂ ಕೊಳ ಹೆಪ್ಪುಗಟ್ಟದಿದ್ದರೆ, ಹೋದ ವರ್ಷ ಕೊಂಡ ಸ್ಕೇಟಿಂಗ್ ಬೂಟು ಮುಂದಿನ ಚಳಿಗಾಲಕ್ಕೆ ಅವಳ ಕಾಲಿಗೆ ಹಿಡಿಸುವುದಿಲ್ಲ.

ಬ್ರೆಡ್ ಕೊಡಲು ಮೇಲೆ ಬಂದ ಕೆಳಮನೆಯ ಬೇಕರಿಯಾಕೆ ಕಿಟಕಿಯತ್ತ ನೋಡಿ ನಕ್ಕುಬಿಟ್ಟಳು. "ಅಯ್ಯೋ ಅಣ್ಣಾ, ಅದನ್ನ ನನ್ನ ಒಲೆ ಚಿಮಣಿ ಪಕ್ಕ ತಗಲಿಹಾಕಿದೀರಲ್ಲ! ದಿನಾ ನನ್ನ ಬ್ರೆಡ್ಡಿನ ಶಾಖ ಬರ್ಕೊಂಡಿದೀರಿ."

"ಭಲೇ ವಿಜ್ಞಾನಿ!" ಎಂದು ಅಮ್ಮ ಹಣೆ ಚಚ್ಚಿಕೊಂಡಳು.

ಅಪ್ಪ ಥರ್ಮಾಮೀಟರನ್ನು ಬಿಚ್ಚಿ ತಂದು ಅಂಗಳದ ಬೇಲಿಗೆ ಕಟ್ಟಿದ. ಹನ್ನೊಂದು, ಏಳು, ನಾಲ್ಕು. ಪಾದರಸ ಇನ್ನೂ ಇಳಿಯುತ್ತಲೇ ಇತ್ತು. ಮಗಳು ಕುಣಿದಾಡಿದಳು: "ವಾರದಿಂದ ನಂಗೆ ಚಳಿ ಆಗ್ತಾನೇ ಇತ್ತಪ್ಪಾ! ನಿನ್ನ ಪುಸ್ತಕದಲ್ಲಿ ಇಲ್ವಲ್ಲ ಅಂತ ಸುಮ್ನಿದ್ದೆ."